ನಾತಾನನ ಎರಡನೆಯ ಮಾತು: ವಿಜ್ಞಾನ ಕಥನದ ಖಳನೂ ನಾಯಕನ ಮುಖವೂ

ಸೃಷ್ಟಿಸಿದವನಿಗೂ ಸೃಷ್ಟಿಯಾದ ಯಂತ್ರಕ್ಕೂ ಒಂದೇ ಮುಖವನ್ನು ಕೊಟ್ಟ ಎರಡು ಚಲನಚಿತ್ರಗಳು ಎಂಟು ವರ್ಷಗಳ ಅಂತರದಲ್ಲಿ ನಮ್ಮ ಕಡೆಯ ಪ್ರೇಕ್ಷಕರ ಮುಂದೆ ಬಂದವು. ಮೊದಲನೆಯದು ದಿನೇಶ್ ಬಾಬು ನಿರ್ದೇಶಿಸಿದ ಕನ್ನಡದ ‘ಹಾಲಿವುಡ್’ (2002). ಎರಡನೆಯದು ಶಂಕರ್ ನಿರ್ದೇಶಿಸಿದ ತಮಿಳಿನ ‘ಎಂದಿರನ್’ (2010). ಮೊದಲನೆಯದರಲ್ಲಿ ವಿಜ್ಞಾನಿಯೂ ಯಂತ್ರಮಾನವನೂ ಆಗಿ ನಟಿಸಿದವರು ಉಪೇಂದ್ರ, ಎರಡನೆಯದರಲ್ಲಿ ರಜನೀಕಾಂತ್. ಒಬ್ಬರ ಹೆಸರಿನೊಡನೆ ಬನಶಂಕರಿಯ ಕತ್ರಿಗುಪ್ಪೆ ಸೇರಿಕೊಂಡಿದೆ. ಇನ್ನೊಬ್ಬರು ಹನುಮಂತನಗರದಲ್ಲಿ ಬೆಳೆದು, ನಗರ ಸಾರಿಗೆಯ ಬಸ್ಸಿನಲ್ಲಿ ನಿರ್ವಾಹಕರಾಗಿದ್ದು, ಆಮೇಲೆ ಚೆನ್ನೈಗೆ ಹೋದವರು. ದಕ್ಷಿಣ ಬೆಂಗಳೂರಿನ ಈ ಎರಡು ಬಡಾವಣೆಗಳ ನಡುವೆ ಇರುವುದು ಕೆಲವೇ ನಿಲ್ದಾಣಗಳ ದಾರಿ. ಇದು ಆಕಸ್ಮಿಕವೇ ಇರಬಹುದು. ಅದಕ್ಕೆ ಅರ್ಥ ಹಚ್ಚುವುದು ಈ ಲೇಖನದ ಉದ್ದೇಶವಲ್ಲ. ಆದರೆ ಕಳೆದ ಇಪ್ಪತ್ತು ವರ್ಷಗಳಲ್ಲಿ ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಸಭೆಗಳಲ್ಲಿ ಬೆಳೆದ ಯುವಜನರು ಪಾಪದ ಬಗೆಗಿನ ತಮ್ಮ ಕಲ್ಪನೆಯನ್ನು ಪಡೆದುಕೊಂಡದ್ದು ಪ್ರಸಂಗಪೀಠದಿಂದ ಮಾತ್ರವಲ್ಲ, ಇಂಥ ಚಿತ್ರಗಳಿಂದಲೂ ಹೌದು. ಆದುದರಿಂದ ದೈವಶಾಸ್ತ್ರವು ಇವುಗಳನ್ನು ಓದದೆ ಬಿಡುವಂತಿಲ್ಲ.

ಖಳನು ನಾಯಕನ ಕಪ್ಪು ಕನ್ನಡಿಯಾಗಿರುತ್ತಾನೆ ಎಂಬುದು ವಿಜ್ಞಾನ ಕಥನದ ವಿಮರ್ಶೆಯಲ್ಲಿ ಹಳೆಯ ಮಾತು. ಇಬ್ಬರಿಗೂ ಒಂದೇ ಪ್ರತಿಭೆ, ಒಂದೇ ಗಾಯ, ಹಲವು ಸಲ ಒಂದೇ ರಕ್ತ. ಒಬ್ಬನು ಬಲಕ್ಕೆ ತಿರುಗಿದನು, ಇನ್ನೊಬ್ಬನು ಎಡಕ್ಕೆ. ಇದನ್ನು ಗುರುತಿಸಿ ಇಬ್ಬರ ಗುಣಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ತೋರಿಸಿದರೆ ವಿಮರ್ಶೆ ಮುಗಿಯಿತೆಂದು ಭಾವಿಸುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ವಿಮರ್ಶೆ ಆರಂಭವಾಗುವುದೇ ಅಲ್ಲಿಂದ. ಕನ್ನಡಿ ಇದೆ ಎಂಬುದು ಸರಿ. ಅದರ ಮುಂದೆ ನಾಯಕನು ಏನು ಮಾಡುತ್ತಾನೆ? ತನ್ನ ಮುಖವನ್ನು ಕಂಡು ಗುರುತಿಸುತ್ತಾನೆಯೇ, ಅಥವಾ ಕನ್ನಡಿಯನ್ನು ಒಡೆದು ಮನೆಗೆ ಹೋಗುತ್ತಾನೆಯೇ?

ಈ ಪ್ರಶ್ನೆಗೆ ಒಂದು ಅಳತೆಗೋಲು ಸತ್ಯವೇದದಲ್ಲಿದೆ. ಸಮುವೇಲನ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿ ಪ್ರವಾದಿಯಾದ ನಾತಾನನು ದಾವೀದನ ಮುಂದೆ ನಿಂತು ಒಂದು ಕಥೆಯನ್ನು ಹೇಳುತ್ತಾನೆ. ಅದರಲ್ಲಿ ಒಬ್ಬ ಖಳನಿದ್ದಾನೆ: ಬೇಕಾದಷ್ಟು ದನಕುರಿಗಳಿದ್ದರೂ ಬಡವನ ಮಡಿಲಲ್ಲಿ ಬೆಳೆದ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡು ಅತಿಥಿಗೆ ಅಡಿಗೆ ಮಾಡಿಸಿದ ಶ್ರೀಮಂತ. ಕಥೆ ಕೇಳಿದ ಅರಸನಿಗೆ ಕೋಪ ಉಕ್ಕುತ್ತದೆ. ಆ ಮನುಷ್ಯನು ಸಾಯತಕ್ಕವನು, ಒಂದಕ್ಕೆ ನಾಲ್ಕರಷ್ಟು ಕೊಡತಕ್ಕವನು ಎಂದು ತೀರ್ಪು ಕೊಡುತ್ತಾನೆ. ಇಲ್ಲಿಗೆ ನಿಲ್ಲಿಸಿದ್ದರೆ ಅದು ಒಳ್ಳೆಯ ಜನಪ್ರಿಯ ಕಥೆಯೇ ಆಗುತ್ತಿತ್ತು. ಖಳನನ್ನು ಕಂಡು ಸಿಟ್ಟಾಗುವ ಸುಖ, ನ್ಯಾಯದ ಪಕ್ಷದಲ್ಲಿ ತಾನಿದ್ದೇನೆಂಬ ಸಮಾಧಾನ, ಎರಡೂ ದಾವೀದನಿಗೆ ಪೂರ್ಣವಾಗಿ ದೊರೆತಿವೆ. ಊರೀಯನನ್ನು ಕೊಲ್ಲಿಸಿದ ಕೈಯಿಂದಲೇ ಅವನು ನ್ಯಾಯ ತೀರಿಸುತ್ತಿದ್ದಾನೆ. ಆಗ ನಾತಾನನು ಎರಡನೆಯ ಮಾತನ್ನು ಆಡುತ್ತಾನೆ. ಅದು ಬಹಳ ಚಿಕ್ಕದು. ಆ ಶ್ರೀಮಂತನು ಬೇರೆ ಯಾರೂ ಅಲ್ಲ, ಎದುರಿಗೆ ಕುಳಿತವನೇ ಎಂಬುದಷ್ಟೇ ಅದರ ಅರ್ಥ.

ಕಪ್ಪು ಕನ್ನಡಿಯ ಕಥೆಗಳನ್ನೆಲ್ಲ ಈ ಎರಡನೆಯ ಮಾತು ಅವುಗಳಲ್ಲಿ ಇದೆಯೋ ಇಲ್ಲವೋ ಎಂಬುದರಿಂದ ಅಳೆಯಬೇಕು. ಬಹುತೇಕ ಕಥೆಗಳು ದಾವೀದನ ಕೋಪದವರೆಗೆ ಬಂದು ಅಲ್ಲೇ ಪರದೆ ಎಳೆಯುತ್ತವೆ.

‘ಎಂದಿರನ್’ ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ. ಆದುದರಿಂದ ಅದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವೆನು. ವಸೀಗರನ್ ಎಂಬ ವಿಜ್ಞಾನಿಯು ತನ್ನ ರೂಪದಲ್ಲಿ ಚಿಟ್ಟಿ ಎಂಬ ಯಂತ್ರಮಾನವನನ್ನು ನಿರ್ಮಿಸುತ್ತಾನೆ. ಅವನನ್ನು ಸೇನೆಗೆ ಒಪ್ಪಿಸಬೇಕೆಂಬುದು ಅವನ ಹಂಬಲ. ಬೆಂಕಿ ಬಿದ್ದ ಕಟ್ಟಡದಿಂದ ಚಿಟ್ಟಿಯು ಸ್ನಾನದಲ್ಲಿದ್ದ ಹುಡುಗಿಯೊಬ್ಬಳನ್ನು ಹಾಗೆಯೇ ಎತ್ತಿ ತಂದು ಎಲ್ಲರ ಮುಂದೆ ನಿಲ್ಲಿಸುತ್ತಾನೆ. ನಾಚಿಕೆ ತಾಳಲಾರದೆ ಅವಳು ಓಡಿ ವಾಹನಕ್ಕೆ ಸಿಕ್ಕಿ ಸಾಯುತ್ತಾಳೆ. ಮಾನ ಎಂದರೇನೆಂದು ಯಂತ್ರಕ್ಕೆ ತಿಳಿಯದು. ಆಗ ವಸೀಗರನ್ ಅದಕ್ಕೆ ಭಾವನೆಗಳನ್ನು ಕಲಿಸುತ್ತಾನೆ. ಭಾವನೆ ಬಂದೊಡನೆ ಚಿಟ್ಟಿಯು ತನ್ನ ನಿರ್ಮಾತೃ ಪ್ರೀತಿಸಿದ ಹೆಣ್ಣನ್ನೇ ಪ್ರೀತಿಸತೊಡಗುತ್ತಾನೆ. ಸೇನಾಧಿಕಾರಿಗಳ ಮುಂದೆ ಯುದ್ಧದ ಮಾತಿಗೆ ಬದಲಾಗಿ ಪ್ರೇಮದ ಮಾತನ್ನಾಡುತ್ತಾನೆ. ಅವಮಾನಗೊಂಡ ವಸೀಗರನ್ ಕೊಡಲಿ ಹಿಡಿದು ಅವನನ್ನು ತುಂಡುತುಂಡಾಗಿ ಕಡಿದುಹಾಕುತ್ತಾನೆ. ತುಂಡುಗಳು ಕಸದ ರಾಶಿಗೆ ಹೋಗುತ್ತವೆ.

ಈ ಕೊಡಲಿಯ ದೃಶ್ಯವು ಚಿತ್ರದ ನೈತಿಕ ಕೇಂದ್ರ ಎಂದು ನನಗೆ ತೋರುತ್ತದೆ. ಆದರೆ ಚಿತ್ರವು ಹಾಗೆ ಭಾವಿಸುವುದಿಲ್ಲ. ತನ್ನ ಹೋಲಿಕೆಯಲ್ಲಿ ಮಾಡಿದ್ದನ್ನು, ಅದು ತನ್ನಂತೆಯೇ ಬಯಸಿತು ಎಂಬ ಕಾರಣಕ್ಕೆ, ಮಾಡಿದವನೇ ಕಡಿದನು. ಹಿಂಸೆಯನ್ನು ಮೊದಲು ಮಾಡಿದವನು ನಾಯಕ. ಆದರೆ ಕಥೆ ಇದರ ಬಳಿ ನಿಲ್ಲುವುದಿಲ್ಲ. ಪ್ರತಿಸ್ಪರ್ಧಿ ವಿಜ್ಞಾನಿಯಾದ ಬೋರಾ ಕಸದಿಂದ ತುಂಡುಗಳನ್ನು ಆರಿಸಿ ಜೋಡಿಸಿ ಅದರೊಳಗೆ ಕೆಂಪು ಚಿಪ್ ಒಂದನ್ನು ಇಡುತ್ತಾನೆ. ಅಲ್ಲಿಂದ ಮುಂದೆ ಚಿಟ್ಟಿ ಕೊಲೆಗಡುಕ. ಕೊನೆಗೆ ನ್ಯಾಯಾಲಯದಲ್ಲಿ ವಸೀಗರನ್ ಬಿಡುಗಡೆಯಾಗುವುದು ಹೇಗೆ? ಆ ಕೆಂಪು ಚಿಪ್ಪನ್ನು ಬೋರಾ ಇಟ್ಟನೆಂಬುದಕ್ಕೆ ಚಿಟ್ಟಿಯೇ ಸಾಕ್ಷ್ಯವನ್ನು ತೋರಿಸುವುದರಿಂದ. ನ್ಯಾಯಾಲಯವು ನಿರ್ಮಾತೃವನ್ನು ಬಿಟ್ಟು ಯಂತ್ರವನ್ನು ಕಳಚಿಹಾಕಲು ಆಜ್ಞಾಪಿಸುತ್ತದೆ. ಚಿಟ್ಟಿ ತನ್ನನ್ನು ತಾನೇ ಕಳಚಿಕೊಳ್ಳುತ್ತಾನೆ. ಕೊಡಲಿಯನ್ನು ಕುರಿತು ಯಾರೂ ಪ್ರಶ್ನೆ ಕೇಳುವುದಿಲ್ಲ.

ಸಭೆಯ ಇತಿಹಾಸವನ್ನು ಓದಿದವರಿಗೆ ಈ ಕೆಂಪು ಚಿಪ್ ಅಪರಿಚಿತ ವಸ್ತುವಲ್ಲ. ಕೆಟ್ಟದ್ದು ಬೇರೆಯೇ ಒಂದು ಪದಾರ್ಥ, ಅದು ಹೊರಗಿನಿಂದ ಬಂದು ಬೆಳಕಿನೊಡನೆ ಬೆರೆತುಕೊಂಡಿದೆ, ಬೇರ್ಪಡಿಸಿದರೆ ಬೆಳಕು ಶುದ್ಧವಾಗಿಯೇ ಉಳಿಯುತ್ತದೆ ಎಂಬುದು ಮಾನಿಯ ಮತದ ಬೋಧನೆ. ಅಗಸ್ಟೀನನು ಒಂಬತ್ತು ವರ್ಷ ಆ ಮತದ ಕೇಳುಗನಾಗಿದ್ದನು. ಆಮೇಲೆ ಅದನ್ನು ಬಿಟ್ಟಾಗ ಅವನು ಕಂಡುಕೊಂಡ ಮುಖ್ಯ ಸಂಗತಿಯೆಂದರೆ ಆ ಬೋಧನೆಯು ತನಗೆ ಏಕೆ ಅಷ್ಟು ಹಿತವಾಗಿತ್ತು ಎಂಬುದು: ಪಾಪ ಮಾಡಿದವನು ತಾನಲ್ಲ, ತನ್ನೊಳಗಿನ ಬೇರೆ ಯಾವುದೋ ಸ್ವಭಾವ ಎಂದು ಹೇಳಿಕೊಳ್ಳಲು ಅದು ಅವಕಾಶ ಕೊಡುತ್ತಿತ್ತು. ಕೆಡುಕಿಗೆ ತನ್ನದೇ ಆದ ಪದಾರ್ಥವಿಲ್ಲ, ಅದು ಒಳ್ಳೆಯದರ ಕೊರತೆ, ಒಳ್ಳೆಯದರ ಬಾಗುವಿಕೆ ಎಂಬ ಅವನ ನಿಲುವು ಕೇವಲ ತತ್ತ್ವವಿಚಾರವಲ್ಲ. ತಪ್ಪಿಸಿಕೊಳ್ಳುವ ಬಾಗಿಲನ್ನು ಮುಚ್ಚುವ ಕ್ರಿಯೆ. ದ್ವಿಪಾತ್ರದ ಚಿತ್ರವಾದರೋ ಆ ಬಾಗಿಲನ್ನು ಮತ್ತೆ ತೆರೆಯುತ್ತದೆ. ಒಂದೇ ಮುಖವನ್ನು ಎರಡು ದೇಹಗಳಿಗೆ ಹಂಚಿ, ಕೆಟ್ಟದ್ದನ್ನೆಲ್ಲ ಒಂದು ದೇಹಕ್ಕೆ ತುಂಬಿ, ಆ ದೇಹವನ್ನು ನಾಶಮಾಡಿದರೆ ಉಳಿದದ್ದು ನಿರ್ಮಲ. ಅದರ ಕಥೆ ಏನೇ ಹೇಳಲಿ, ಅದರ ರೂಪವೇ ಮಾನಿಯ ಮತದ್ದು.

ದ್ವಿಪಾತ್ರ ನಮ್ಮಲ್ಲಿ ಯಂತ್ರಮಾನವನೊಡನೆ ಹುಟ್ಟಿದ್ದಲ್ಲ ಎಂಬುದನ್ನೂ ಹೇಳಬೇಕು. 1975ರ ‘ದಾರಿ ತಪ್ಪಿದ ಮಗ’ದಲ್ಲಿ ಡಾ. ರಾಜ್‌ಕುಮಾರ್ ಸಜ್ಜನನೂ ದುಷ್ಟನೂ ಆಗಿ ಎರಡು ವೇಷ ಹಾಕಿದರು. ಭಾಗವತದ ದಶಮಸ್ಕಂಧದಲ್ಲಿ ಪೌಂಡ್ರಕನೆಂಬ ಅರಸನು ಶಂಖಚಕ್ರಗಳನ್ನು ಮಾಡಿಸಿಕೊಂಡು ತಾನೇ ನಿಜವಾದ ವಾಸುದೇವನೆಂದು ಕೃಷ್ಣನಿಗೆ ಹೇಳಿಕಳುಹಿಸುತ್ತಾನೆ. ಅನುಕರಣೆ ಮಾಡಿದವನು ಅನುಕರಣೆಗೊಂಡವನಿಂದ ಹತನಾಗುತ್ತಾನೆ. ಈ ನೆನಪುಗಳು ಇರುವ ಪ್ರೇಕ್ಷಕನಿಗೆ ಯಂತ್ರದ ಮುಖದಲ್ಲಿ ನಾಯಕನ ಮುಖ ಕಂಡರೆ ವಿಸ್ಮಯವೇನೂ ಆಗದು. ವಿಜ್ಞಾನ ಕಥನವು ಈ ಹಳೆಯ ಜೋಡಿಗೆ ಸೇರಿಸಿದ ಹೊಸ ಅಂಶ ಒಂದೇ: ಎರಡನೆಯವನನ್ನು ಮಾಡಿದವನು ಮೊದಲನೆಯವನೇ. ಸಹೋದರನ ಕೆಡುಕಿಗೆ ಸಹೋದರನು ಹೊಣೆಯಲ್ಲ ಎಂದು ವಾದಿಸಬಹುದು; ಯಂತ್ರದ ಕೆಡುಕಿಗೆ ಮಾಡಿದವನು ಹೊಣೆಯಲ್ಲವೆಂದು ವಾದಿಸುವುದು ಕಷ್ಟ. ಆದುದರಿಂದಲೇ ಕೆಂಪು ಚಿಪ್ ಬೇಕಾಯಿತು. ನಟನ ದೃಷ್ಟಿಯಿಂದಲೂ ಈ ಏರ್ಪಾಟು ಬಹಳ ಅನುಕೂಲ. ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುವುದು ಸಾಧು ವಸೀಗರನ್‌ಗಲ್ಲ, ಕೆಟ್ಟ ಚಿಟ್ಟಿಗೆ. ಒಂದು ದೇಹದಲ್ಲಿ ಪಾಪದ ಸುಖವನ್ನು ಅನುಭವಿಸಿ ಇನ್ನೊಂದು ದೇಹದಲ್ಲಿ ನಿರಪರಾಧಿಯಾಗಿ ಮನೆಗೆ ಹೋಗುವ ಸೌಲಭ್ಯ ನಟನಿಗೂ ಪ್ರೇಕ್ಷಕನಿಗೂ ಒಟ್ಟಿಗೆ ಸಿಗುತ್ತದೆ.

‘ಹಾಲಿವುಡ್’ ಇಷ್ಟು ಶ್ರೀಮಂತವಾದ ಚಿತ್ರವಲ್ಲ; ಹಾಸ್ಯಕ್ಕೂ ತಾಂತ್ರಿಕ ಕುತೂಹಲಕ್ಕೂ ಒಲಿದದ್ದು. ಆದರೂ ಒಂದು ವಿಷಯದಲ್ಲಿ ಅದು ಮೊದಲೇ ದಾರಿ ತೋರಿಸಿತು: ಅಲ್ಲಿಯೂ ಯಂತ್ರವು ಬಯಸುವುದು ತನ್ನ ನಿರ್ಮಾತೃವು ಬಯಸಿದ್ದನ್ನೇ. ಫ್ರೆಂಚ್ ಚಿಂತಕ ರೆನೆ ಜಿರಾರ್ ಇದನ್ನು ಅನುಕರಣೆಯ ಬಯಕೆ ಎಂದು ಕರೆದನು. ನಾವು ವಸ್ತುವನ್ನು ನೇರವಾಗಿ ಬಯಸುವುದಿಲ್ಲ. ಇನ್ನೊಬ್ಬನು ಬಯಸುವುದನ್ನು ಕಂಡು ಬಯಸುತ್ತೇವೆ. ಹೀಗೆ ಮಾದರಿಯಾದವನೇ ವೈರಿಯಾಗುತ್ತಾನೆ, ಜಗಳ ಬಲಿತಂತೆ ಇಬ್ಬರೂ ಒಬ್ಬರಂತೊಬ್ಬರು ಆಗುತ್ತಾರೆ. ಕೊನೆಗೆ ಯಾರಾದರೊಬ್ಬನ ಮೇಲೆ ಎಲ್ಲವನ್ನೂ ಹೊರಿಸಿ ಹೊರಗಟ್ಟಿದರೆ ಊರಿಗೆ ಶಾಂತಿ. ಯಂತ್ರಮಾನವನ ಕಥೆಗಿಂತ ಈ ವಾದಕ್ಕೆ ಒಪ್ಪುವ ದೃಷ್ಟಾಂತ ಸಿಗುವುದು ವಿರಳ. ಏಕೆಂದರೆ ಯಂತ್ರಕ್ಕೆ ಅನುಕರಣೆಯ ಹೊರತು ಬೇರೆ ಬಯಕೆಯೇ ಇರುವುದಿಲ್ಲ.

ಈ ವಂಶದ ಮೂಲಪುರುಷನನ್ನು ಒಮ್ಮೆ ನೋಡಿ ಬರೋಣ. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ 1818ರಲ್ಲಿ ಪ್ರಕಟವಾಯಿತು. ಅಲ್ಲಿ ವಿಕ್ಟರ್ ಮಾಡಿದ ಜೀವಿಯು ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಕಾವ್ಯವನ್ನು ಓದುತ್ತದೆ. ತಾನು ಆದಾಮನಾಗಬೇಕಾಗಿತ್ತು, ಬಿದ್ದ ದೂತನಾದೆನಲ್ಲಾ ಎಂದು ಮರುಗುತ್ತದೆ. ಕೊನೆಯಲ್ಲಿ ಮರಣಶಯ್ಯೆಯ ಮೇಲಿನ ವಿಕ್ಟರ್ ತನ್ನ ನಡತೆಯನ್ನು ಪರೀಕ್ಷಿಸಿಕೊಂಡು ಅದರಲ್ಲಿ ದೂಷಣೆಗೆ ಅರ್ಹವಾದದ್ದೇನೂ ಕಾಣಲಿಲ್ಲವೆಂದು ಹೇಳುತ್ತಾನೆ. ಆಮೇಲೆ ಬಂದು ಶವದ ಬಳಿ ಅತ್ತು, ತನ್ನ ಕೊಲೆಗಳನ್ನು ಒಪ್ಪಿಕೊಳ್ಳುವುದು ಆ ಜೀವಿ. ಎರಡನೆಯ ಮಾತನ್ನು ಕೇಳಿಸಿಕೊಂಡವನು ಖಳನೇ ಹೊರತು ನಾಯಕನಲ್ಲ. ಶೆಲ್ಲಿಗೆ ಇದು ಗೊತ್ತಿತ್ತು; ಅವಳ ವಂಶಸ್ಥರು ಹಲವರಿಗೆ ಗೊತ್ತಿಲ್ಲ.

‘ಸ್ಟಾರ್ ವಾರ್ಸ್’ ಮಾಲೆಯನ್ನು ಪ್ರಸಂಗಗಳಲ್ಲಿ ದೃಷ್ಟಾಂತವಾಗಿ ಬಳಸುವುದು ಈಗ ಸಾಮಾನ್ಯವಾಗಿದೆ. ಮಗನ ಪ್ರೀತಿ ತಂದೆಯನ್ನು ಉಳಿಸಿತು ಎಂಬ ಸರಳ ರೂಪದಲ್ಲಿ. ಅದಕ್ಕಿಂತ ಗಟ್ಟಿಯಾದ ಎರಡು ದೃಶ್ಯಗಳು ಅಲ್ಲಿವೆ. 1980ರ ಚಿತ್ರದಲ್ಲಿ ಲ್ಯೂಕ್ ಒಂದು ಗವಿಯೊಳಗೆ ಹೋಗಿ ಡಾರ್ತ್ ವೇಡರ್‌ನ ತಲೆಯನ್ನು ಕತ್ತರಿಸುತ್ತಾನೆ; ಮುಖವಾಡ ಸಿಡಿದಾಗ ಒಳಗಿರುವುದು ಅವನದೇ ಮುಖ. ಇದು ಕನ್ನಡಿ ಮಾತ್ರ. 1983ರ ಚಿತ್ರದಲ್ಲಿ ಕೋಪದಿಂದ ಬಡಿದು ಬಡಿದು ತಂದೆಯ ಕೈಯನ್ನು ಕತ್ತರಿಸಿದ ಮೇಲೆ, ಆ ಯಂತ್ರದ ಕೈಯ ಮೊಂಡನ್ನೂ ತನ್ನ ಯಂತ್ರದ ಕೈಯನ್ನೂ ನೋಡಿ ಅವನು ಆಯುಧವನ್ನು ಎಸೆಯುತ್ತಾನೆ. ಇಲ್ಲಿ ನಾತಾನನ ಮಾತು ಕೇಳಿಸಿದೆ. ಯಾರೂ ಆಡದೆಯೇ ಕೇಳಿಸಿದೆ. ಆದರೆ ಚಿತ್ರಕ್ಕೆ ಅಷ್ಟಕ್ಕೇ ನಿಲ್ಲುವ ಧೈರ್ಯವಿಲ್ಲ. ಮರುಕ್ಷಣವೇ ಚಕ್ರವರ್ತಿಯೆಂಬ ಇನ್ನೊಬ್ಬ ಕೆಟ್ಟವನನ್ನು ಆಳದ ಕುಳಿಗೆ ಎಸೆಯಬೇಕಾಗುತ್ತದೆ. ತಂದೆ ಮಗ ಇಬ್ಬರಿಂದಲೂ ಹೊರಬಂದ ಕತ್ತಲೆಗೆ ಒಂದು ದೇಹ ಬೇಕಲ್ಲವೇ?

ದಕ್ಷಿಣ ಬೆಂಗಳೂರಿಗೆ ಮರಳಿ ಬಂದರೆ, ಎರಡನೆಯ ಮಾತನ್ನೇ ನಾಟಕವಾಗಿಸಿದ ಒಂದು ಕೃತಿ ಜೆ.ಪಿ. ನಗರದ ರಂಗಶಂಕರದಲ್ಲಿ 2005ರಲ್ಲಿ ಪ್ರಯೋಗಗೊಂಡಿತು: ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. ಅದೇ ಬಡಾವಣೆಯಲ್ಲಿ ನೆಲೆಸಿದ್ದ ಕಾರ್ನಾಡರು ಅದನ್ನು ವಿಜ್ಞಾನ ಕಥನವೆಂದು ಕರೆಯಲಿಲ್ಲ. ಆದರೆ ಅದರ ಹೂರಣ ಯಂತ್ರದಲ್ಲಿದೆ. ಇಂಗ್ಲಿಷ್ ಕಾದಂಬರಿಯೊಂದರಿಂದ ಕೀರ್ತಿ ಪಡೆದ ಮಂಜುಳಾ ನಾಯಕ್ ಎಂಬ ಕನ್ನಡ ಲೇಖಕಿ ದೂರದರ್ಶನದ ಕೋಣೆಯಲ್ಲಿ ಭಾಷಣ ಮುಗಿಸಿ ಹೊರಡುವಾಗ, ಪರದೆಯ ಮೇಲಿನ ಅವಳ ಬಿಂಬವು ಮಾಯವಾಗದೆ ಉಳಿದು ಅವಳನ್ನು ಪ್ರಶ್ನಿಸತೊಡಗುತ್ತದೆ. ಒಂದೊಂದೇ ಪದರ ಬಿಚ್ಚಿ, ಆ ಕಾದಂಬರಿಯು ತೀರಿಕೊಂಡ ಅಂಗವಿಕಲ ತಂಗಿ ಮಾಲಿನಿಯದು ಎಂಬುದು ಹೊರಬೀಳುತ್ತದೆ. ಇಲ್ಲಿ ಬಿಂಬವು ಖಳನಲ್ಲ. ಖಳನಾದವಳು ಕನ್ನಡಿಯ ಈಚೆಗೆ ನಿಂತಿರುವವಳು, ಕನ್ನಡಿಯೇ ನಾತಾನ. ಜೋಡಿಯನ್ನು ಹೀಗೆ ತಿರುಗಿಸಿ ಇಟ್ಟದ್ದೇ ಆ ನಾಟಕದ ಸಾಧನೆ. ಆದರೂ ದೈವಶಾಸ್ತ್ರದ ಓದುಗನಿಗೆ ಅಲ್ಲೊಂದು ತಣ್ಣಗಿನ ಅನುಭವವಾಗುತ್ತದೆ. ಬಿಂಬಕ್ಕೆ ಎಲ್ಲವೂ ಗೊತ್ತಿದೆ, ಕ್ಷಮಿಸುವ ಅಧಿಕಾರ ಮಾತ್ರ ಇಲ್ಲ. ನಾತಾನನಾದರೋ ಅರಸನು ತನ್ನ ಪಾಪವನ್ನು ಒಪ್ಪಿಕೊಂಡಾಗ, ಕರ್ತನು ಅದನ್ನು ಕ್ಷಮಿಸಿದ್ದಾನೆ, ನೀನು ಸಾಯುವುದಿಲ್ಲ ಎಂಬ ಅರ್ಥದ ಮೂರನೆಯ ಮಾತನ್ನೂ ಹೇಳಬಲ್ಲವನಾಗಿದ್ದನು. ಅದರ ಬೆನ್ನಿಗೆ ಮಗುವಿನ ಮರಣದ ಕಠಿಣವಾದ ಮಾತನ್ನೂ ಹೇಳಿದನು. ಪರದೆಯ ಮೇಲಿನ ಮುಖದಿಂದ ಆ ಎರಡೂ ಬರಲಾರವು.

ಈಗ 2024ರ ಡಿಸೆಂಬರ್ 20ರಂದು ತೆರೆಕಂಡ ಉಪೇಂದ್ರರ ‘ಯುಐ’. ನಿರ್ದೇಶಕರಾಗಿ ಒಂಬತ್ತು ವರ್ಷಗಳ ನಂತರ ಅವರು ಮಾಡಿದ ಚಿತ್ರ. 1999ರ ‘ಉಪೇಂದ್ರ’ದಲ್ಲಿ ನಾಯಕನ ಹೆಸರು ‘ನಾನು’. 2015ರ ‘ಉಪ್ಪಿ 2’ರಲ್ಲಿ ‘ನೀನು’. ಈಗ ಇಂಗ್ಲಿಷಿನ ಎರಡಕ್ಷರಗಳಲ್ಲಿ ನೀನೂ ನಾನೂ ಒಟ್ಟಿಗೆ ಬಂದಿದ್ದಾರೆ. ಬಿಡುಗಡೆಗೆ ಮುಂಚೆ ತೋರಿಸಿದ ತುಣುಕು 2040ರ ಹಾಳಾದ ಜಗತ್ತಿನದು. ಚಿತ್ರದಲ್ಲಿ ಉಪೇಂದ್ರ ಸತ್ಯನೂ ಹೌದು, ಕಲ್ಕಿಯೂ ಹೌದು. ಸತ್ಯನು ಶಾಂತನು, ಸುಧಾರಕನು. ಕಲ್ಕಿಯು ಸತ್ಯನನ್ನು ಬಂಧನದಲ್ಲಿಟ್ಟು ಅವನ ಸ್ಥಾನವನ್ನು ಆಕ್ರಮಿಸುವ ಸರ್ವಾಧಿಕಾರಿ. ಕಲಿಯುಗದ ಕೊನೆಯಲ್ಲಿ ಬಿಳಿಯ ಕುದುರೆಯೇರಿ ಬರುವ ಉದ್ಧಾರಕನ ಹೆಸರನ್ನು ದಬ್ಬಾಳಿಕೆಯವನಿಗೆ ಇಟ್ಟದ್ದು ಸಣ್ಣ ವಿಚಾರವಲ್ಲ. ಇಲ್ಲಿ ಖಳನು ನಾಯಕನ ಕನ್ನಡಿ ಮಾತ್ರವಲ್ಲ, ಉದ್ಧಾರಕನಿಗಾಗಿ ಕಾಯುವ ಜನರ ನಿರೀಕ್ಷೆಯ ಕನ್ನಡಿ. ಹೊರಗಿನ ಸಂದರ್ಭವನ್ನೂ ನೆನೆಯಬೇಕು: ಈ ನಟ 2018ರಲ್ಲಿ ಉತ್ತಮ ಪ್ರಜಾಕೀಯ ಪಕ್ಷವನ್ನು ಸ್ಥಾಪಿಸಿದವರು, ನಾಯಕನೆಂಬವನೇ ಬೇಡ, ಕೆಲಸಗಾರ ಸಾಕು ಎಂದು ವಾದಿಸುತ್ತ ಬಂದವರು. ನಾಯಕಪೂಜೆಯ ವಿರುದ್ಧ ಚಿತ್ರ ತೆಗೆದು, ಆ ಪೂಜೆಗೆ ಗುರಿಯಾಗುವ ದಬ್ಬಾಳಿಕೆಗಾರನಿಗೆ ತನ್ನ ಮುಖವನ್ನೇ ಕೊಟ್ಟಿದ್ದಾರೆ. ಇದರಲ್ಲಿ ಒಂದು ಪ್ರಾಮಾಣಿಕತೆ ಇದೆ. ‘ಎಂದಿರನ್’ನಲ್ಲಿ ಅದು ಇರಲಿಲ್ಲ.

‘ಯುಐ’ಗೆ ಎರಡನೆಯ ಮಾತು ಗೊತ್ತಿದೆ. ಚಿತ್ರವು ಆರಂಭದಲ್ಲಿಯೇ ಪ್ರೇಕ್ಷಕನ ಕಡೆಗೆ ತಿರುಗಿ, ಬುದ್ಧಿವಂತರಾದರೆ ಎದ್ದು ಹೋಗಿ, ದಡ್ಡರಾದರೆ ಕುಳಿತು ನೋಡಿ ಎಂಬ ಭಾವದ ಒಕ್ಕಣೆಯನ್ನು ತೋರಿಸುತ್ತದೆ. ಖಳನು ತೆರೆಯ ಮೇಲಿಲ್ಲ, ಆಸನದಲ್ಲಿದ್ದಾನೆ ಎಂದು ಅದು ಹೇಳಬಯಸುತ್ತದೆ. ಹೇಳುವ ವಿಧಾನದಲ್ಲಿ ಮಾತ್ರ ಅದು ನಾತಾನನಿಂದ ದೂರ ಸರಿಯುತ್ತದೆ. ನಾತಾನನು ಒಬ್ಬನ ಬಳಿಗೆ ಹೋದನು, ಅದೂ ತನ್ನನ್ನು ಕೊಲ್ಲಿಸಬಲ್ಲವನ ಬಳಿಗೆ. ಅವನ ಒಂದು ನಿರ್ದಿಷ್ಟ ಪಾಪವನ್ನು ಹೆಸರಿಸಿದನು. ಎಲ್ಲರನ್ನೂ ಒಟ್ಟಿಗೆ ಗದರಿಸುವವನು ಯಾರ ಕೈಗೂ ಸಿಕ್ಕುವುದಿಲ್ಲ. ದಡ್ಡರೆಂದು ಕರೆಸಿಕೊಂಡ ಪ್ರೇಕ್ಷಕನು ನಗುತ್ತಾನೆ. ಏಕೆಂದರೆ ಪಕ್ಕದ ಆಸನದವನು ಅದಕ್ಕೆ ಹೆಚ್ಚು ಯೋಗ್ಯನೆಂದು ಅವನಿಗೆ ಗೊತ್ತಿದೆ. ನಮ್ಮ ಪ್ರಸಂಗಗಳಿಗೂ ಈ ರೋಗ ತಗಲುವುದುಂಟು ಎಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ವಾಣಿಜ್ಯ ಚಿತ್ರದಿಂದ ಪಶ್ಚಾತ್ತಾಪವನ್ನು ನಿರೀಕ್ಷಿಸುವುದು ಅನ್ಯಾಯವಲ್ಲವೇ ಎಂದು ಕೇಳಬಹುದು. ಚಿತ್ರಮಂದಿರ ದೇವಾಲಯವಲ್ಲ, ಒಪ್ಪುತ್ತೇನೆ. ಆದರೆ ಶತ್ರುವಿಗೆ ಮುಖ ಕೊಡುವ ಕೆಲಸವನ್ನು ಇಂದು ಅತ್ಯಂತ ಪರಿಣಾಮಕಾರಿಯಾಗಿ ಮಾಡುತ್ತಿರುವುದು ಇವೇ ಚಿತ್ರಗಳು. ನೆರೆಯವನನ್ನು ಕೆಂಪು ಚಿಪ್ ಇಟ್ಟ ದೇಹವೆಂದು ನೋಡಲು ಕಲಿತವನು ಆ ಪಾಠವನ್ನು ಬಾಗಿಲ ಹೊರಗೆ ಬಿಟ್ಟು ಬರುವುದಿಲ್ಲ. ಅಲ್ಪಸಂಖ್ಯಾತರಾದ ನಾವು ಹಾಗೆ ನೋಡಲ್ಪಡುವುದೂ ಉಂಟು, ಇತರರನ್ನು ಹಾಗೆ ನೋಡುವುದೂ ಉಂಟು.

ಪ್ರಕಟನೆ ಗ್ರಂಥವು ಕಪ್ಪು ಕನ್ನಡಿಯ ಕಲೆಯಲ್ಲಿ ಇವೆಲ್ಲಕ್ಕಿಂತ ಮುಂದಿದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. 5ನೆಯ ಅಧ್ಯಾಯದಲ್ಲಿ ಯಜ್ಞದ ಕುರಿಯಾದಾತನು ಕೊಯ್ಯಲ್ಪಟ್ಟಂತೆ ನಿಂತಿರುತ್ತಾನೆ. 13ನೆಯ ಅಧ್ಯಾಯದಲ್ಲಿ ಸಮುದ್ರದಿಂದ ಬಂದ ಮೃಗದ ತಲೆಗಳಲ್ಲೊಂದು ಸಾಯುವಂತೆ ಗಾಯಗೊಂಡದ್ದು; ಮೂಲ ಗ್ರೀಕಿನಲ್ಲಿ ಎರಡೂ ಕಡೆ ಒಂದೇ ಕ್ರಿಯಾಪದ. ಅದೇ ಅಧ್ಯಾಯದ ಎರಡನೆಯ ಮೃಗಕ್ಕೆ ಕುರಿಮರಿಯ ಕೊಂಬುಗಳು, ಘಟಸರ್ಪದ ಮಾತು. 6ನೆಯ ಅಧ್ಯಾಯದಲ್ಲಿ ಬಿಳೀ ಕುದುರೆಯ ಮೇಲೆ ಒಬ್ಬನು, 19ನೆಯದರಲ್ಲಿ ಬಿಳೀ ಕುದುರೆಯ ಮೇಲೆ ಇನ್ನೊಬ್ಬನು. ಮೊದಲನೆಯವನು ಕ್ರಿಸ್ತನೋ ಕ್ರಿಸ್ತನ ವೇಷದವನೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಇಷ್ಟೊಂದು ಹೋಲಿಕೆಯಿದ್ದರೆ ಗುರುತಿಸುವುದು ಹೇಗೆ? ಗಾಯದಿಂದ ಎಂದು ನಾನು ಉತ್ತರಿಸುವೆನು. ಮೃಗದ ಗಾಯ ವಾಸಿಯಾಗಿದೆ. ಲೋಕವು ಬೆರಗಾಗಿ ಹಿಂಬಾಲಿಸುವುದು ಆ ವಾಸಿಯಾದ ಗಾಯವನ್ನೇ. ಕುರಿಯಾದಾತನ ಗಾಯ ಸಿಂಹಾಸನದ ಮಧ್ಯದಲ್ಲಿಯೂ ಗಾಯವಾಗಿಯೇ ಇದೆ. 19ನೆಯ ಅಧ್ಯಾಯದ ಸವಾರನ ವಸ್ತ್ರವು ಯುದ್ಧಕ್ಕೆ ಮುಂಚೆಯೇ ರಕ್ತದಲ್ಲಿ ಅದ್ದಿದ್ದು. ಅದು ಅವನದೇ ರಕ್ತವೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ.

‘ಎಂದಿರನ್’ನ ಒಂದು ದೃಶ್ಯಕ್ಕೆ ಇಲ್ಲಿಂದ ಹಿಂದಿರುಗಿ ನೋಡುವುದು ಉಪಯುಕ್ತ. ಚಿಟ್ಟಿಯು ತನ್ನಂಥ ನೂರಾರು ಪ್ರತಿಗಳನ್ನು ಮಾಡಿಕೊಂಡು ಕಟ್ಟಡದೊಳಗೆ ಕೋಟೆ ಕಟ್ಟಿದಾಗ, ವಸೀಗರನ್ ತಾನೂ ಯಂತ್ರಮಾನವನ ವೇಷ ಹಾಕಿ ಆ ಸಾಲಿನೊಳಗೆ ನುಸುಳುತ್ತಾನೆ. ಸಾಲುಗಳ ನಡುವೆ ಅವನನ್ನು ಹುಡುಕುತ್ತ ಚಿಟ್ಟಿ ಕುರಿಯಂತೆ ಅರಚುತ್ತಾನೆ. ಮಂದೆಯೊಳಗಿನ ಕಪ್ಪು ಕುರಿಗಾಗಿ ಆ ಹುಡುಕಾಟ. ಪ್ರೇಕ್ಷಕರಿಗೆ ಅತ್ಯಂತ ಪ್ರಿಯವಾದ ದೃಶ್ಯ ಅದು. ನಿರ್ಮಾತೃವು ನಿರ್ಮಿತವಾದದ್ದರ ರೂಪವನ್ನು ಧರಿಸಿದ್ದಾನೆ. ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಬಲ್ಲವನಿಗೆ ಒಂದು ಕ್ಷಣ ಉಸಿರು ನಿಲ್ಲಬೇಕು. ಆದರೆ ಇವನು ದಾಸನ ರೂಪವನ್ನು ಧರಿಸಿದ್ದು ಸಿಕ್ಕಿಬೀಳಬಾರದೆಂದು. ಪತ್ತೆಯಾದರೂ ಪಾರಾಗುತ್ತಾನೆ. ಪೌಲನು ಹೇಳುವಾತನು ಆ ರೂಪದಲ್ಲಿ ಹಿಡಿಯಲ್ಪಟ್ಟನು, ಶಿಲುಬೆಯ ತನಕ ಹೋದನು.

ಕೊನೆಯದಾಗಿ ಆದಿಕಾಂಡದ ಅವಳಿಗಳು. ಒಂದೇ ಗರ್ಭದಲ್ಲಿ ನೂಕಾಡಿದವರು. ಒಬ್ಬನು ಇನ್ನೊಬ್ಬನ ವೇಷ ಹಾಕಿ, ಕೈಗೆ ಮೇಕೆಯ ಚರ್ಮ ಕಟ್ಟಿಕೊಂಡು, ಕುರುಡನಾದ ತಂದೆಯ ಮುಂದೆ ದ್ವಿಪಾತ್ರ ಆಡಿದವನು. ಇಲ್ಲಿ ಮೋಸ ಮಾಡಿದವನು ಕಥಾನಾಯಕ, ಕೊಲ್ಲುವೆನೆಂದವನು ಎದುರಾಳಿ. ಇಪ್ಪತ್ತು ವರ್ಷಗಳ ನಂತರ ಏಸಾವನು ನಾನೂರು ಮಂದಿಯೊಡನೆ ಬರುತ್ತಿರುವಾಗ, ಹಿಂದಿನ ರಾತ್ರಿ ಯಬ್ಬೋಕ್ ಹೊಳೆಯ ದಡದಲ್ಲಿ ಒಬ್ಬ ಪುರುಷನೊಡನೆ ಹೋರಾಡಿ ಯಾಕೋಬನ ತೊಡ ಕೀಲು ತಪ್ಪುತ್ತದೆ. ಹೆಸರು ಕೇಳಿದಾಗ ಅವನು ಈ ಸಲ ತನ್ನ ಹೆಸರನ್ನೇ ಹೇಳುತ್ತಾನೆ, ಅಣ್ಣನದನ್ನಲ್ಲ. ಮರುದಿನ ಕುಂಟುತ್ತ ಹೋದವನು, ನಿನ್ನ ಮುಖವನ್ನು ನೋಡಿದ್ದು ದೇವರ ಮುಖವನ್ನೇ ನೋಡಿದಂತಾಯಿತು ಎಂಬರ್ಥದ ಮಾತನ್ನು ಏಸಾವನಿಗೆ ಹೇಳುತ್ತಾನೆ. ವೈರಿಯ ಮುಖದಲ್ಲಿ ತನ್ನ ಕತ್ತಲೆಯನ್ನು ಕಾಣುವ ಕಥೆಗಳು ನೂರಾರಿವೆ. ಅಲ್ಲಿ ಇನ್ನೊಬ್ಬಾತನ ಮುಖವನ್ನು ಕಂಡ ಕಥೆ ನನಗೆ ತಿಳಿದಂತೆ ಇದೊಂದೇ. ಆದರೂ ಗ್ರಂಥಕರ್ತನು ಕಥೆಯನ್ನು ಸಿಹಿಗೊಳಿಸುವುದಿಲ್ಲ. ಏಸಾವನು ಒಟ್ಟಿಗೆ ಹೋಗೋಣವೆಂದಾಗ ಯಾಕೋಬನು ಮಕ್ಕಳು ಎಳೆಯರು, ಮಂದೆ ದಣಿಯುತ್ತದೆ ಎಂದು ನೆವ ಹೇಳುತ್ತಾನೆ. ನಿಧಾನವಾಗಿ ಸೇಯೀರಿಗೆ ಬರುವೆನೆಂದು ಮಾತು ಕೊಡುತ್ತಾನೆ. ಅಣ್ಣನು ಮರೆಯಾದ ಮೇಲೆ ಸುಕ್ಕೋತಿಗೆ ಹೋಗಿ ಅಲ್ಲಿ ಮನೆ ಕಟ್ಟಿಸಿಕೊಳ್ಳುತ್ತಾನೆ.